ಫೋರ್ ನದಿ ದಡದ ಗ್ಯಾಸ್ ಕಂಪ್ರೆಸರ್ ಸ್ಟೇಷನ್ನು, ನಮ್ಮ ಕೇರಿಯ ಓಡಾಟ

ನಮ್ಮ ಮನೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿಂಜಿ ಪಾಯಿಂಟ್‌ನಲ್ಲಿ. ಬಾಸ್ಟನ್‌ನಿಂದ ದಕ್ಷಿಣಕ್ಕೆ ಬಂದರೆ ಫೋರ್ ನದಿ ಸಿಗುತ್ತದೆ. ಸೇತುವೆಯ ಈಚೆ ನಾವು, ಆಚೆ ವೇಮತ್. ಆ ದಡದಲ್ಲಿ, ಸೇತುವೆಯ ಬುಡದಲ್ಲೇ, ನೈಸರ್ಗಿಕ ಅನಿಲದ ಕಂಪ್ರೆಸರ್ ಸ್ಟೇಷನ್ ಬರುತ್ತದೆ ಎಂಬ ಸುದ್ದಿ ಹಬ್ಬಿದ್ದು 2015ರಲ್ಲಿ.

ಪಕ್ಕದ ಮನೆಯ ಅಜ್ಜಿ ಒಂದು ಕಂತೆ ಕಾಗದ ತಂದು ಅಡುಗೆಮನೆ ಟೇಬಲ್ ಮೇಲೆ ಇಟ್ಟರು. "ನೀವು ಇಂಜಿನಿಯರ್ ಅಲ್ವಾ? ಇದರಲ್ಲಿ ಏನಿದೆ ಅಂತ ಓದಿ ಹೇಳಿ" ಅಂದರು. ನನ್ನ ಕೆಲಸ ಶುರುವಾಗಿದ್ದು ಹಾಗೆ.

ಅನಿಲ ಪೈಪಿನಲ್ಲಿ ಹರಿದಂತೆಲ್ಲ ಒತ್ತಡ ಇಳಿಯುತ್ತದೆ. ಅದನ್ನು ಮತ್ತೆ ಒತ್ತಿ ಮುಂದಕ್ಕೆ ತಳ್ಳಬೇಕು, ಕಂಪ್ರೆಸರ್ ಸ್ಟೇಷನ್‌ನ ಕೆಲಸ ಅದು. ತೋಟಕ್ಕೆ ದೂರದಿಂದ ನೀರು ತರುವಾಗ ನಡುವೆ ಇನ್ನೊಂದು ಪಂಪ್ ಇಡುತ್ತಾರಲ್ಲ, ಅದೇ ರೀತಿ. ಇಲ್ಲಿನದು 7,700 ಅಶ್ವಶಕ್ತಿಯ ಟರ್ಬೈನ್. ಅದು ತಿರುಗುವುದೂ ಅನಿಲ ಉರಿಸಿಯೇ. ಹಾಗಾಗಿ ನೈಟ್ರೋಜನ್ ಆಕ್ಸೈಡ್, ಫಾರ್ಮಾಲ್ಡಿಹೈಡ್‌ನಂಥ ಹಾನಿಕರ ಅನಿಲಗಳು ಗಾಳಿಗೆ ಸೇರುತ್ತವೆ. ಪೈಪ್ ಖಾಲಿ ಮಾಡಬೇಕಾದಾಗ ಅನಿಲವನ್ನು ನೇರವಾಗಿ ಮೇಲಕ್ಕೆ ಬಿಡುತ್ತಾರೆ. ಇಷ್ಟಾಗಿ ಆ ಅನಿಲ ಹೋಗುವುದು ಮುಖ್ಯವಾಗಿ ಉತ್ತರಕ್ಕೆ, ಮೇನ್ ರಾಜ್ಯ ಮತ್ತು ಕೆನಡಾ ಕಡೆಗೆ.

ನಮ್ಮ ಸುತ್ತ ಮೊದಲೇ ಒಂದು ವಿದ್ಯುತ್ ಸ್ಥಾವರ, ಎಣ್ಣೆ ಟ್ಯಾಂಕುಗಳು, ರಾಸಾಯನಿಕ ಕಾರ್ಖಾನೆ ಇದ್ದವು. ಸ್ಟೇಷನ್‌ಗೆ ಗೊತ್ತು ಮಾಡಿದ ಜಾಗದ ಮಣ್ಣಿನಲ್ಲಿ ಹಳೆಯ ಕಾಲದ ಕಲ್ಲಿದ್ದಲ ಬೂದಿ, ಆರ್ಸೆನಿಕ್. ಇದೆಲ್ಲ ಓದುತ್ತಾ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಗಳಿಗೆ ಆಗ 4 ವರ್ಷ.

ಇಂಥ ಯೋಜನೆಗೆ ಒಪ್ಪಿಗೆ ಕೊಡುವ ಫೆಡರಲ್ ಇಂಧನ ಆಯೋಗಕ್ಕೆ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ನಾಗರಿಕತ್ವ ಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿರುವ ನಮ್ಮ ಕನ್ನಡದವರಲ್ಲಿ ಬಹಳ ಜನ "ನಾವು ವೀಸಾದಲ್ಲಿದ್ದೇವೆ, ನಮಗ್ಯಾಕೆ" ಎಂದು ಸುಮ್ಮನಾಗುತ್ತಾರೆ. ದಾವಣಗೆರೆಯಿಂದ ಅಮ್ಮನೂ ಫೋನಿನಲ್ಲಿ "ಪರದೇಶದಲ್ಲಿ ನಿನಗೆ ಯಾಕಪ್ಪಾ ಈ ಉಸಾಬರಿ?" ಅಂದರು. "ಅಮ್ಮಾ, ನಿನ್ನ ಮೊಮ್ಮಗಳು ಉಸಿರಾಡೋ ಗಾಳಿ ಇದು" ಅಂದೆ. ಆಮೇಲೆ ಅವರು ವಾರ ವಾರ ವಿಚಾರಿಸತೊಡಗಿದರು.

ನಾನು ಬರೆದ ಮೊದಲ ಪತ್ರ ನಾಲ್ಕು ಪುಟ. ತುಂಬಾ ಭಯ ಇತ್ತು, ಪ್ರಶ್ನೆ ಒಂದೂ ಇರಲಿಲ್ಲ. ಭಯಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಪ್ರಶ್ನೆಗೆ ಕೊಡಬೇಕು. ಅಂದಿನಿಂದ ಒಂದು ಪತ್ರಕ್ಕೆ ಒಂದೇ ಪ್ರಶ್ನೆ, ಯಾವ ಪುಟದ ಯಾವ ಸಾಲಿನ ಬಗ್ಗೆ ಕೇಳುತ್ತಿದ್ದೇನೆ ಎಂಬುದರ ಜೊತೆ. ನಾನು ಬಿಡದೆ ಹಿಡಿದ ಪ್ರಶ್ನೆ ಇದು: ಅನಿಲದ ಟರ್ಬೈನ್ ಬದಲು ಎಲೆಕ್ಟ್ರಿಕ್ ಮೋಟರ್ ಯಾಕೆ ಆಗುವುದಿಲ್ಲ? ಮೋಟರ್ ಆದರೆ ಅಲ್ಲಿ ಹೊಗೆ ಇರುವುದಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರುತ್ತಿದ್ದೆವು. ಉಪ್ಪಿಟ್ಟು, ಕಾಫಿ, ಮಧ್ಯದಲ್ಲಿ ಕಾಗದ. ನಮ್ಮ ಕೇರಿಯಲ್ಲಿ ಚೀನೀ ಮಾತಾಡುವ ಮನೆಗಳು ಬಹಳ. ನಾವು ಮೊದಲು ಹಂಚಿದ ಕರಪತ್ರ ಬರೀ ಇಂಗ್ಲಿಷ್‌ನಲ್ಲಿತ್ತು, ಆ ಮನೆಗಳಿಂದ ಸಭೆಗೆ ಒಬ್ಬರೂ ಬರಲಿಲ್ಲ. ಒಬ್ಬ ಕಾಲೇಜು ಹುಡುಗಿ ಅದನ್ನು ಚೀನೀ ಭಾಷೆಗೆ ತಿರುಗಿಸಿ, ನನ್ನ ಜೊತೆ ಮನೆ ಮನೆಗೆ ಬಂದಳು. ಮುಂದಿನ ಸಭೆಯಲ್ಲಿ ಹಿಂದಿನ ಎರಡು ಸಾಲು ಅವರದೇ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಆಯೋಗ 2017ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಇನ್ನು ಉಳಿದಿದ್ದು ರಾಜ್ಯದ ಪರವಾನಗಿಗಳು.

2018ರ ಸೆಪ್ಟೆಂಬರ್ 13ರಂದು ಬಾಸ್ಟನ್‌ನ ಉತ್ತರಕ್ಕೆ ಲಾರೆನ್ಸ್, ಆಂಡೋವರ್ ಕಡೆ ಗ್ಯಾಸ್ ಪೈಪುಗಳಲ್ಲಿ ಒತ್ತಡ ಏರಿ ಮನೆಗಳು ಹೊತ್ತಿ ಉರಿದವು. 18 ವರ್ಷದ ಹುಡುಗನೊಬ್ಬ ಸತ್ತ. ನಮ್ಮ ಸಭೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. "ನಮಗೂ ಹೀಗೇ ಆಗುತ್ತದೆ ಅಂತ ಬರೆಯೋಣ" ಅಂದರು. ನಾನು ಬೇಡ ಅಂದೆ. ಅದು ಮನೆಗಳಿಗೆ ಹೋಗುವ ಸಣ್ಣ ಪೈಪುಗಳ ಜಾಲ, ನಮ್ಮದು ದೊಡ್ಡ ಲೈನಿನ ಕಂಪ್ರೆಸರ್. ಎರಡನ್ನೂ ಬೆರೆಸಿದರೆ ಕಂಪನಿಯ ಇಂಜಿನಿಯರ್ ಎದ್ದು ನಿಂತು ಒಂದೇ ನಿಮಿಷದಲ್ಲಿ ನಮ್ಮ ಬಾಯಿ ಮುಚ್ಚಿಸುತ್ತಾರೆ. ಕೆಲವರಿಗೆ ನನ್ನ ಮೇಲೆ ಕೋಪ ಬಂತು. ಅಜ್ಜಿ ಎರಡು ವಾರ ಮಾತಾಡಲಿಲ್ಲ. ಈಗಲೂ ನಾನು ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಅವತ್ತಿನ ದುಃಖದ ನಡುವೆ ಅದನ್ನು ಹೇಳಿದ ರೀತಿ ಒರಟಾಗಿತ್ತು.

2019ರ ಜನವರಿಯಲ್ಲಿ ರಾಜ್ಯದ ಆರೋಗ್ಯ ವರದಿ ಬಂತು. ಸ್ಟೇಷನ್‌ನ ಗಾಳಿಯಿಂದ ಆರೋಗ್ಯಕ್ಕೆ ದೊಡ್ಡ ಪೆಟ್ಟು ಬೀಳುವ ಸಂಭವ ಕಡಿಮೆ ಎಂದಿತು. ಗಾಳಿಯ ಪರವಾನಗಿಯೂ ಅದೇ ತಿಂಗಳು ಸಿಕ್ಕಿತು. ಚಳಿಗಾಲ ಬರುವ ಹೊತ್ತಿಗೆ ಕಟ್ಟಡದ ಕೆಲಸ ಶುರು. ಗೇಟಿನ ಮುಂದೆ ಕೂತ ಕೆಲವರನ್ನು ಪೊಲೀಸರು ಹಿಡಿದುಕೊಂಡು ಹೋದರು. ನನ್ನ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಬಾಕಿ ಇತ್ತು. ನಾನು ಕೂರಲಿಲ್ಲ, ರಸ್ತೆಯ ಈಚೆ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಆ ಚಳಿ ಇನ್ನೂ ನೆನಪಿದೆ.

2020ರ ಜೂನ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಗಾಳಿಯ ಪರವಾನಗಿಯನ್ನು ರದ್ದು ಮಾಡಿತು. ಕಾರಣ ಏನು ಗೊತ್ತಾ? ಎಲೆಕ್ಟ್ರಿಕ್ ಮೋಟರ್ ಬೇಡ ಎಂದು ತೀರ್ಮಾನಿಸುವಾಗ ರಾಜ್ಯ ಸರಿಯಾದ ಕ್ರಮ ಅನುಸರಿಸಿಲ್ಲ ಎಂಬುದು. ಆ ಕೇಸು ನಾನು ಹಾಕಿದ್ದಲ್ಲ, ಅಕ್ಕಪಕ್ಕದ ಊರುಗಳು ಮತ್ತು ಕೆಲವು ನಾಗರಿಕರು ಹಾಕಿದ್ದು. ಆದರೂ ಆ ಸಾಲು ಓದಿ ನಾನು ಅತ್ತುಬಿಟ್ಟೆ. ಆಗಸ್ಟ್‌ನಲ್ಲಿ ನ್ಯಾಯಾಲಯ ತೀರ್ಪು ತಿದ್ದಿತು: ಪರಿಶೀಲನೆ ಮತ್ತೆ ಮಾಡಿ, ಅಲ್ಲಿಯವರೆಗೆ ಪರವಾನಗಿ ಇರಲಿ. ಚಾಲನೆಗೆ ಸಿದ್ಧ ಮಾಡುತ್ತಿದ್ದಾಗಲೇ, ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಸ್ಟೇಷನ್ನನ್ನು ಎರಡು ಸಲ ತುರ್ತಾಗಿ ನಿಲ್ಲಿಸಬೇಕಾಯಿತು, 11ರಂದು ಮತ್ತು 30ರಂದು. 2021ರ ಜನವರಿಯಲ್ಲಿ ಅದು ಚಾಲೂ ಆಯಿತು.

ಅಜ್ಜಿ ಮತ್ತು ನಾನು ಈಗಲೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ವಾಸನೆ ಬಂದರೆ, ದೊಡ್ಡ ಸದ್ದಾದರೆ ದಿನಾಂಕ, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಬರೆಯುತ್ತೇವೆ. ಅವರ ಕೈ ನಡುಗುತ್ತದೆ, ಹಾಗಾಗಿ ಅವರು ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ.