ಕೊರಿಯನ್ ಬಾರ್ಬೆಕ್ಯೂ: ಮೇಜಿನ ಮೇಲೆ ಮಾಂಸ ಸುಡುವ ಕ್ರಮ

ಕೋಲಾರದಿಂದ ಬೆಂಗಳೂರಿನ ಕೊರಿಯನ್ ಹೋಟೆಲ್‌ಗೆ ಬಾಡೂಟಕ್ಕೆ ಹೊರಟವರು ಮೊದಲು ತಿಳಿಯಬೇಕಾದದ್ದು ಸುಡುವ ಕ್ರಮ. ಮಸಾಲೆ ಹಚ್ಚದ ಮಾಂಸ ಮೊದಲು. ಬುಲ್ಗೋಗಿ (ತೆಳ್ಳಗೆ ಹೆಚ್ಚಿದ ಮಾಂಸ), ಗಾಲ್ಬಿಯಂಥ (ಪಕ್ಕೆಲುಬಿನ ಮಾಂಸ) ಮಸಾಲೆಯಲ್ಲಿ ನೆನೆಸಿದ ಮಾಂಸ ಆಮೇಲೆ. ನೆನೆಸಿದ್ದರಲ್ಲಿ ಸೋಯಾ ಸಾಸ್ ಜೊತೆ ಸಕ್ಕರೆಯೂ ಇರುತ್ತದೆ. ಅದು ಬೇಗ ಸೀದು ಮೇಜಿನ ಮೇಲಿನ ಸುಡುವ ತಟ್ಟೆಗೆ ಅಂಟುತ್ತದೆ, ಮುಂದೆ ಇಟ್ಟಿದ್ದೆಲ್ಲ ಕಹಿಯಾಗುತ್ತದೆ. ತಟ್ಟೆ ಕಪ್ಪಾದರೆ ಬದಲಿಸಿಕೊಡಲು ಕೇಳಿ, ಸಂಕೋಚ ಬೇಡ.

ಸಮ್‌ಗ್ಯೊಪ್ಸಲ್ ಎಂದರೆ ಹಂದಿಯ ಹೊಟ್ಟೆಭಾಗದ ಮಾಂಸ, ಕೊಬ್ಬು ಪದರಪದರವಾಗಿರುತ್ತದೆ. ಇಟ್ಟೊಡನೆ ಚುಂಯ್ ಅನ್ನುವಷ್ಟು ತಟ್ಟೆ ಕಾದಿರಬೇಕು. ಇಲ್ಲದಿದ್ದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹೊರಗೆ ಗರಿಯಾಗುವುದಿಲ್ಲ. ಒಂದೇ ಸಲ ತಟ್ಟೆ ತುಂಬಿಸಿದರೂ ಇದೇ ಗತಿ. ತಳ ಹೊಂಬಣ್ಣವಾದ ಮೇಲೆ ಮಗುಚಿ, ಕತ್ತರಿಯಿಂದ ತುತ್ತಿನ ಗಾತ್ರಕ್ಕೆ ಕತ್ತರಿಸಿ, ಒಳಗೆ ಹಸಿ ಉಳಿಯದಂತೆ ಬೇಯಿಸಿ. ಹಸಿ ಮಾಂಸ ಹಿಡಿದ ಇಕ್ಕಳದಲ್ಲಿ ಬೆಂದದ್ದನ್ನು ಎತ್ತಲೇಬೇಡಿ.

ಲೆಟ್ಯೂಸ್ ಎಲೆಯ ಮೇಲೆ ಒಂದು ತುಂಡು, ಬೆಳ್ಳುಳ್ಳಿ, ಸ್ವಲ್ಪವೇ ಸ್ಸಮ್‌ಜಾಂಗ್ ಇಡಿ. ಅದು ಸೋಯಾ ಮತ್ತು ಮೆಣಸಿನಕಾಯಿಯ ಉಪ್ಪುಪ್ಪು ಗೊಜ್ಜು. ವೀಳ್ಯದೆಲೆಯಂತೆ ಮಡಚಿ ಒಂದೇ ತುತ್ತಿಗೆ ಬಾಯಿಗೆ ಹಾಕಿ. ಮುದ್ದೆಯಂತೆ ನುಂಗುವುದಲ್ಲ, ಅಗಿಯಬೇಕು.

ನೆಂಚಿಕೊಳ್ಳುವ ಬಾಂಚಾನ್‌ಗಳನ್ನು ಸಾಮಾನ್ಯವಾಗಿ ಮತ್ತೆ ಕೇಳಿದರೂ ಕೊಡುತ್ತಾರೆ. ಸಸ್ಯಾಹಾರಿಗಳು ಜೊತೆಗಿದ್ದರೆ ಕಿಮ್ಚಿಯ (ಹುಳಿ ಬರಿಸಿದ ಖಾರದ ತರಕಾರಿ) ಬಗ್ಗೆ ವಿಚಾರಿಸಿ: ಅದರಲ್ಲಿ ಹೆಚ್ಚಾಗಿ ಮೀನಿನ ಸಾಸ್ ಅಥವಾ ಉಪ್ಪು ಸೀಗಡಿ ಇರುತ್ತದೆ.