ಸೋರಿದ್ದಕ್ಕಿಂತ ಉಳಿದದ್ದನ್ನು ಮೊದಲು ಅಳೆಯಲು ಕಲಿತೆ

ವೃತ್ತಿಯ ಆರಂಭದಲ್ಲಿ, ಮೂತ್ರ ಸೋರುತ್ತದೆ ಎಂದು ಬಂದವರಿಗೆ ಮೂತ್ರಕೋಶವನ್ನು ಸಡಿಲಿಸುವ ಮಾತ್ರೆ ಬರೆದರೆ ಸಾಕೆಂದು ನಂಬಿದ್ದೆ. ಬೆನ್ನುಹುರಿಗೆ ಪೆಟ್ಟಾಗಿದ್ದ ಒಬ್ಬ ಮಹಿಳೆಗೂ ಹಾಗೆಯೇ ಬರೆದುಕೊಟ್ಟೆ. ಮೂರು ವಾರಗಳಲ್ಲಿ ಅವರು ಚಳಿಜ್ವರದಿಂದ ನಡುಗುತ್ತ ಮರಳಿದರು. ಸ್ಕ್ಯಾನಿಂಗ್ ಮಾಡಿದಾಗ, ಮೂತ್ರ ವಿಸರ್ಜಿಸಿದ ಮೇಲೂ ಒಳಗೆ 600 ಮಿಲಿಲೀಟರ್ ಉಳಿದಿತ್ತು, ಮೂತ್ರಪಿಂಡಗಳೆರಡೂ ಊದಿಕೊಂಡಿದ್ದವು. ಅವರಿಗೆ ಸೋರುತ್ತಿದ್ದುದು ತುಂಬಿ ತುಳುಕಿದ ಮೂತ್ರ. ನನ್ನ ಮಾತ್ರೆ ಆ ಉಳಿಕೆಯನ್ನು ಇನ್ನಷ್ಟು ಹೆಚ್ಚಿಸಿತ್ತು.

ಅಂದಿನಿಂದ ಉಳಿಕೆ ಅಳೆಯದೆ ನಾನು ಔಷಧ ಬರೆದಿಲ್ಲ. ಮೂರು ದಿನ ಕುಡಿದದ್ದು, ಹೋದದ್ದು, ಸೋರಿದ್ದನ್ನೆಲ್ಲ ಗಂಟೆಸಹಿತ ಬರೆದು ತರಲು ಹೇಳುತ್ತೇನೆ, ಮೂತ್ರಕೋಶ ತುಂಬುವಾಗ, ಖಾಲಿಯಾಗುವಾಗ ಅದರೊಳಗಿನ ಒತ್ತಡ ಎಷ್ಟೆಂದು ಯುರೋಡೈನಾಮಿಕ್ ಪರೀಕ್ಷೆಯಲ್ಲಿ ನೋಡುತ್ತೇನೆ. ಪೆಟ್ಟು ಬೆನ್ನುಹುರಿಯ ಮೇಲ್ಭಾಗದಲ್ಲಿದ್ದರೆ ಸಾಮಾನ್ಯವಾಗಿ ಮೂತ್ರಕೋಶ ತಾನಾಗಿಯೇ ಹಿಂಡಿಕೊಳ್ಳುತ್ತದೆ, ಅದೇ ಹೊತ್ತಿಗೆ ದ್ವಾರದ ಸ್ನಾಯುವೂ ಬಿಗಿದುಕೊಂಡರೆ ಒತ್ತಡವೆಲ್ಲ ಮೂತ್ರಪಿಂಡದತ್ತ ತಿರುಗುತ್ತದೆ. ಕೆಳಗಿನ ನರಗಳಿಗೆ ಹಾನಿಯಾಗಿದ್ದರೆ ಮೂತ್ರಕೋಶ ಹಿಂಡುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಬಟ್ಟೆ ಎರಡರಲ್ಲೂ ಒದ್ದೆಯಾಗುತ್ತದೆ, ಚಿಕಿತ್ಸೆ ಮಾತ್ರ ಬೇರೆ.

ನಾನು ಹೆಚ್ಚು ಸಮಯ ಕೊಡುವುದು ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ತೆಳು ನಳಿಕೆ, ಹಾಕಿಕೊಳ್ಳಲು ಕಲಿಸುವುದಕ್ಕೆ. ಕ್ರಿಮಿರಹಿತ ಕೈಗವಸಿಲ್ಲದೆ, ತೊಳೆದ ಕೈಗಳಿಂದ ರೋಗಿಯೇ ಇದನ್ನು ಮಾಡಿಕೊಳ್ಳಬಹುದೆಂದು ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೀಸ್ 1972ರಲ್ಲಿ ತೋರಿಸಿಕೊಟ್ಟರು. ಮಹಿಳೆಯರಾದರೆ ಒರಗಿ ಕುಳಿತು, ಮಂಡಿಗಳನ್ನು ಅಗಲಿಸಿ, ನಡುವೆ ಕನ್ನಡಿ ಇಟ್ಟುಕೊಂಡು, ಯೋನಿದ್ವಾರದ ತುಸು ಮೇಲಿರುವ ಸಣ್ಣ ರಂಧ್ರವನ್ನು ಅವರೇ ಗುರುತಿಸಬೇಕು. ನಳಿಕೆ ತಪ್ಪಿ ಯೋನಿಗೆ ಹೋದರೆ ಅದನ್ನು ಗುರುತಿಗಾಗಿ ಅಲ್ಲೇ ಬಿಟ್ಟು, ಹೊಸದನ್ನು ಅದರ ಮೇಲ್ಗಡೆ ಹಾಕಿ ಎನ್ನುತ್ತೇನೆ. ಈ ಒಂದು ಮಾತಿನಿಂದ ಎಷ್ಟೋ ಮಹಿಳೆಯರ ಅಂಜಿಕೆ ಇಳಿದಿದೆ.

ಮಾತ್ರೆಗೆ ಬಗ್ಗದ ಹಿಂಡುವಿಕೆಗೆ ಮೂತ್ರಕೋಶದ ಗೋಡೆಗೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ 200 ಯೂನಿಟ್ ಚುಚ್ಚುತ್ತೇನೆ. ಅದರ ಪ್ರಭಾವ ತಿಂಗಳುಗಟ್ಟಲೆ ಉಳಿದು ಕ್ರಮೇಣ ಇಳಿಯುವುದರಿಂದ ಮತ್ತೆ ಕೊಡಬೇಕಾಗುತ್ತದೆ. ಆಮೇಲೆ ಮೂತ್ರ ಕಟ್ಟಿಕೊಳ್ಳುವ ಸಾಧ್ಯತೆ ಇರುವುದರಿಂದ, ಕ್ಯಾಥೆಟರ್ ಬಳಸಲು ಒಪ್ಪುವವರಿಗಷ್ಟೇ ಇದನ್ನು ಕೊಡುತ್ತೇನೆ.

ಜ್ವರದಿಂದ ಮರಳಿದ್ದ ಆ ಮಹಿಳೆಗೆ ಸೋಂಕು ವಾಸಿಯಾದ ಮೇಲೆ ಕ್ಯಾಥೆಟರ್ ಕಲಿಸಿದೆ. ದಿನಕ್ಕೆ ಐದು ಬಾರಿ ಅವರೇ ಹಾಕಿಕೊಳ್ಳತೊಡಗಿ, ಪ್ರತಿ ಸಲ ಹೊರಬರುವ ಮೂತ್ರ 400 ಮಿಲಿಲೀಟರಿನೊಳಗೆ ನಿಂತಾಗ, ಉಳಿಕೆಯನ್ನು ಈಗ ಕ್ಯಾಥೆಟರ್ ಹೊರತೆಗೆಯುತ್ತಿದ್ದುದರಿಂದ, ಹಿಂದೆ ನಿಲ್ಲಿಸಿದ್ದ ಅದೇ ಮಾತ್ರೆಯನ್ನು ಮತ್ತೆ ಬರೆದೆ. ಅವರು ತಂದ ಮುಂದಿನ ಹಾಳೆಯಲ್ಲಿ ಸೋರಿಕೆಯ ಕಲಂ ಮೂರೂ ದಿನ ಖಾಲಿ ಇತ್ತು.