ನ್ಯೂಯಾರ್ಕ್ ಸಿಟಿ ತಾನೇ ಬರೆದುಕೊಳ್ಳುವ ಮಾರ್ಕ್ಸ್ ಕಾರ್ಡ್

ನ್ಯೂಯಾರ್ಕ್ ಸಿಟಿಯ ಕ್ವೀನ್ಸ್‌ನಲ್ಲಿ ಮನೆ ಮಾಡಿಕೊಂಡು ಎಚ್-1ಬಿ ವೀಸಾದಲ್ಲಿರುವ ನಮ್ಮವರು ಆಗಾಗ ಗೊಣಗುವುದುಂಟು: ಸಿಟಿಗೆ ಟ್ಯಾಕ್ಸ್ ಕಟ್ಟುತ್ತೇವೆ, ಓಟು ಮಾತ್ರ ಇಲ್ಲ, ಲೆಕ್ಕ ಯಾರನ್ನು ಕೇಳೋಣ ಅಂತ.

ಶುರು ಮಾಡಲು ಒಂದು ಕಾಗದ ಇದೆ. ಹೆಸರು ವಾಲಂಟರಿ ಲೋಕಲ್ ರಿವ್ಯೂ, ಚಿಕ್ಕದಾಗಿ ವಿಎಲ್‌ಆರ್, ಅಂದರೆ ವಿಶ್ವಸಂಸ್ಥೆಯ ಗುರಿಗಳತ್ತ ತಾನು ಎಷ್ಟು ನಡೆದಿದ್ದೇನೆಂದು ಒಂದು ಊರು ತಾನಾಗಿಯೇ ಬರೆದುಕೊಡುವ ವರದಿ. 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡಿತಲ್ಲ, ಬಡತನ, ನೀರು, ಶಾಲೆ, ಹವಾಮಾನ ಎಲ್ಲ ಸೇರಿ, 2030ರ ಗಡುವು ಹಾಕಿಕೊಂಡು. ಅದರ ವರದಿ ಒಪ್ಪಿಸುವುದು ದೇಶಗಳ ಕೆಲಸ. ಅಮೆರಿಕ ಒಂದು ಸಲವೂ ಒಪ್ಪಿಸಿಲ್ಲ; 2025ರ ಮಾರ್ಚ್‌ನಲ್ಲಂತೂ ಈ ಗುರಿಗಳೇ ಬೇಡ ಅಂದುಬಿಟ್ಟಿತು. ಆದರೆ ನ್ಯೂಯಾರ್ಕ್ ಸಿಟಿ 2018ರ ಜುಲೈನಲ್ಲೇ ವಾಷಿಂಗ್ಟನ್‌ಗೆ ಕಾಯದೆ ತನ್ನದೇ ವರದಿ ಕೊಟ್ಟಿತು. ವಿಶ್ವಸಂಸ್ಥೆ ಇರುವುದು ಅದೇ ಊರಲ್ಲಿ, ಸಬ್‌ವೇ ಹತ್ತಿದರೆ ಸಾಕಿತ್ತು! ಅದೇ ವರ್ಷ ಜಪಾನಿನ ಮೂರು ಊರುಗಳೂ ಕೊಟ್ಟವು, ಮರುವರ್ಷ ಲಾಸ್ ಏಂಜಲೀಸ್.

ಓದುವಾಗ ಸ್ವಲ್ಪ ಹುಷಾರು. ಇದು ಆಡಿಟ್ ಅಲ್ಲ. ವಿದ್ಯಾರ್ಥಿಯೇ ಪ್ರಶ್ನೆ ಆರಿಸಿ ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ, ವಿಶ್ವಸಂಸ್ಥೆಯೂ ಇದನ್ನು ತಿದ್ದುವುದಿಲ್ಲ. 2018ರಲ್ಲಿ ನೀರು, ವಿದ್ಯುತ್, ನಗರ, ಬಳಕೆ ಮತ್ತು ಕಸ, ಕಾಡು ಎಂಬ 5 ಗುರಿಗಳಿಗೆ ಒತ್ತು. 2019ರಲ್ಲಿ ಶಿಕ್ಷಣ, ಉದ್ಯೋಗ, ಅಸಮಾನತೆ, ಹವಾಮಾನ, ನ್ಯಾಯ. ವಿಶ್ವಸಂಸ್ಥೆ ಆಯಾ ವರ್ಷ ಚರ್ಚೆಗೆ ಎತ್ತಿಕೊಂಡಿದ್ದೂ ಅವನ್ನೇ, ನಿಜ. ಆದರೆ ಎರಡೂ ವರದಿ ಜೊತೆಗಿಟ್ಟರೂ ಬಡತನಕ್ಕೆ, ಆರೋಗ್ಯಕ್ಕೆ ಸರದಿ ಬರಲಿಲ್ಲ. ನಾನು ಇಂಥ ವರದಿಯಲ್ಲಿ ಮೊದಲು ಹುಡುಕುವುದೇ ಬಿಟ್ಟುಹೋದದ್ದನ್ನು.

ಅಂಕಿಅಂಶ ಬೇಕಾದರೆ ಸಿಟಿ ಇಲಾಖೆಗಳ ಕೆಲಸದ ಲೆಕ್ಕ ಕೊಡುವ ಮೇಯರ್ಸ್ ಮ್ಯಾನೇಜ್‌ಮೆಂಟ್ ರಿಪೋರ್ಟ್ ತೆಗೆಯಿರಿ. ಅದು ಸುಮ್ನೆ ಖುಷಿಗೆ ಕೊಡುವುದಲ್ಲ, ಸಿಟಿ ಚಾರ್ಟರ್, ಅಂದರೆ ಸಿಟಿಯ ಮೂಲ ಕಾನೂನಿನ ಪ್ರಕಾರ ಪ್ರತಿ ಸೆಪ್ಟೆಂಬರ್ ಕೊಡಲೇಬೇಕು. ಒಂದೊಂದು ಇಲಾಖೆಯದೂ ಐದು ವರ್ಷದ ಲೆಕ್ಕ ಅಕ್ಕಪಕ್ಕ ಇರುತ್ತದೆ. ವಿಎಲ್‌ಆರ್‌ನಲ್ಲಿ ಚಂದದ ಫೋಟೋ ಜಾಸ್ತಿ, ಇದರಲ್ಲಿ ಬರೀ ಟೇಬಲ್ಲು. ಬೋರಿಂಗ್, ಆದರೆ ಹಿಡಿದು ಕೇಳಲು ಇದೇ ಬೇಕು.

ಕೇಳುವುದೆಲ್ಲಿ? ಸಿಟಿಯಲ್ಲಿ 59 ಕಮ್ಯುನಿಟಿ ಬೋರ್ಡ್‌ಗಳಿವೆ, ಅಂದರೆ ಬಡಾವಣೆ ಮಟ್ಟದ ಸಲಹಾ ಸಮಿತಿಗಳು. ಸಭೆಗೆ ಯಾರು ಬೇಕಾದರೂ ಹೋಗಬಹುದು, ಹೆಸರು ಬರೆಸಿದರೆ ಒಂದೆರಡು ನಿಮಿಷ ಮಾತಾಡಬಹುದು, ವೀಸಾ ಯಾರೂ ಕೇಳುವುದಿಲ್ಲ. ಇನ್ನೊಂದು ಪಾರ್ಟಿಸಿಪೇಟರಿ ಬಜೆಟಿಂಗ್. ನಿಮ್ಮ ಕೌನ್ಸಿಲ್ ಮೆಂಬರ್ ಇದರಲ್ಲಿ ಸೇರಿದ್ದರೆ, ಶಾಲೆ ರಿಪೇರಿಗೋ ಪಾರ್ಕಿಗೋ ಒಂದಿಷ್ಟು ದುಡ್ಡು ಯಾವುದಕ್ಕೆ ಹೋಗಬೇಕೆಂದು ಅಲ್ಲಿ ವಾಸಿಸುವವರೇ ಓಟು ಹಾಕುತ್ತಾರೆ. ಸಿಟಿಜನ್ ಆಗಿರಬೇಕಿಲ್ಲ, 11 ವರ್ಷ ತುಂಬಿದ್ದರೆ ಆಯಿತು. ಮನೆಯಲ್ಲಿ ಮಿಡ್ಲ್ ಸ್ಕೂಲ್ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.